ಹಿಂಜೇಬಿನ ಜೋಡಿ

ರಾಯದುರ್ಗ
12 ನವೆಂಬರ್ 2007

ವನಿತಾಳಿಗೆ,

ಕಾಗದ ಅಂದಮೇಲೆ ಮೊದಲು ಕ್ಷೇಮ ಕೇಳಬೇಕು. ನಿನ್ನ ಕ್ಷೇಮ ಕೇಳುವ ಮನಸ್ಸು ನನಗಿಲ್ಲ, ನನ್ನದು ಹೇಳುವ ಮನಸ್ಸೂ ಇಲ್ಲ. ಕೆಲಸವಿದೆ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ. ಬಲಗೈಯ ನಡುಬೆರಳು, ಉಂಗುರದ ಬೆರಳು ಇನ್ನೂ ಮಡಚುವುದಿಲ್ಲ. ದಿನಾ ಒಂದು ಪುಟ ಬರೆದರೆ ಕೈ ಸ್ವಲ್ಪ ಸಡಿಲವಾದೀತು ಎಂದು ಬಳ್ಳಾರಿಯ ಡಾಕ್ಟರು ಹೇಳಿದ್ದಾರೆ. ಇವತ್ತಿನ ಪುಟ ನಿನ್ನ ಪಾಲಿಗೆ ಬಂತು.

ಮೂರು ವರ್ಷದ ಹಿಂದೆ ಆದದ್ದರಲ್ಲಿ ನೀನು ಅರ್ಧ ಮಾತ್ರ ಕೇಳಿರುತ್ತೀ. ಮದುವೆಗೆ ಹೋಗಿ ಬಸ್ಸಿನಲ್ಲಿ ವಾಪಸು ಬರುವಾಗ ಯಾರದೋ ಒಡವೆಯ ಬ್ಯಾಗು ಕಾಣೆಯಾಯಿತು. ಆ ಬಸ್ಸಿನಲ್ಲಿ ಒಂಟಿಯಾಗಿದ್ದ ಹೆಂಗಸು ನಾನೊಬ್ಬಳೇ ಅಂತ ದಾರಿಯ ಒಂದು ಊರಿನ ಪೊಲೀಸರು ನನ್ನನ್ನು ಇಳಿಸಿಕೊಂಡು ಒಂಬತ್ತು ದಿನ ಸ್ಟೇಷನ್ನಿನಲ್ಲಿ ಇಟ್ಟುಕೊಂಡರು. ಕೋರ್ಟಿಗೆ ಹಾಜರು ಮಾಡಲಿಲ್ಲ. ನಮ್ಮ ಗಾರ್ಮೆಂಟಿಗೆ ಮಾತ್ರ ಒಂದು ಫೋನು ಮಾಡಿ ವಿಚಾರಿಸಿದರಂತೆ. ನಾಲ್ಕನೇ ದಿನ ಬೆರಳು ಮುರಿದರು. ಹತ್ತನೇ ದಿನ ಬ್ಯಾಗು ಅದನ್ನು ಕಳೆದುಕೊಂಡೆ ಅಂದವರದೇ ಮನೆಯ ಅಟ್ಟದ ಮೇಲೆ ಸಿಕ್ಕಿತು. ನನ್ನನ್ನು 'ಹೋಗು' ಅಂದರು, ಅಷ್ಟೇ.

ಆಮೇಲೆ ಲಕ್ಷ್ಮಿದೇವಿ ಅಂತ ಅನಂತಪುರದ ವಕೀಲಮ್ಮ ಒಂದು ಪೈಸೆ ತೆಗೆದುಕೊಳ್ಳದೆ ಕೇಸು ಹಾಕಿಸಿದರು. ಮಾನವ ಹಕ್ಕಿನ ಕೇಸು ಅನ್ನುತ್ತಾರೆ. ತಪ್ಪು ಪೊಲೀಸರದೇ ಎಂದು ಜಡ್ಜು ಈಗ ಒಪ್ಪಿಕೊಂಡಿದ್ದಾರೆ. ಅಲ್ಲಿಗೆ ಮುಗಿಯಿತು ಅಂದುಕೊಂಡು ನಾನು ಕೋರ್ಟಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಮುಗಿದಿಲ್ಲ. ನನಗೆ ಎಷ್ಟು ನಷ್ಟವಾಯಿತು ಅಂತ ನಾನೇ ರುಜುವಾತು ಮಾಡಬೇಕಂತೆ. ಮುರಿದ ಬೆರಳು ಎತ್ತಿ ತೋರಿಸಿದರೆ ಸಾಲದು, ಆ ಬೆರಳು ವಾರಕ್ಕೆ ಎಷ್ಟು ದುಡಿಯುತ್ತಿತ್ತು ಅನ್ನುವುದಕ್ಕೆ ಕಾಗದ ಬೇಕು. ಆ ದುಡ್ಡು ಬಂದರೆ ಆಪರೇಷನ್. ಆಪರೇಷನ್ ಆದರೆ ಮತ್ತೆ ಮಿಷನ್ನು. ಇಲ್ಲದಿದ್ದರೆ ಈಗ ಮಾಡುವ ಹಾಗೆ ಮನೆಯಲ್ಲಿ ಕೂತು, ಪ್ಯಾಂಟಿಗೆ ನಾಲ್ಕಾಣೆಯ ಲೆಕ್ಕದಲ್ಲಿ ದಾರ ಕತ್ತರಿಸುವುದೇ ಸಾಯುವತನಕ.

ನನ್ನ ದುಡಿಮೆಗೆ ಇರುವ ಕಾಗದ ಒಂದೇ, ನಮ್ಮ ಜೋಡಿ ಪುಸ್ತಕ. ನಾನು ಜೀನ್ಸಿನ ಹಿಂಜೇಬಿನ ಬಾಯಿ ಮಡಚಿ ಡಿಸೈನು ಹೊಡೆಯುವುದು, ನೀನು ಅದನ್ನು ಪ್ಯಾಂಟಿಗೆ ಕೂಡಿಸುವುದು. ವಾರವಾರದ ಲೆಕ್ಕಕ್ಕೆ ಜೋಡಿಗೊಂದು ಪುಸ್ತಕ, ಪುಸ್ತಕದ ಮೇಲೆ ಒಂದೇ ಹೆಸರು. ಕೆಲಸಕ್ಕೆ ಸೇರಿದ ದಿನ ಸಾಲಿನಲ್ಲಿ ನೀನು ಮುಂದೆ ನಿಂತಿದ್ದೆ, ಹಾಗಾಗಿ ಆರು ವರ್ಷವೂ ನಿನ್ನ ಹೆಸರೇ ಬಿತ್ತು. ಶನಿವಾರ ಮಿಷನ್ ಹಲಗೆಯ ಮೇಲೆ ದುಡ್ಡು ಹರಡಿಕೊಂಡು ಸರಿ ಅರ್ಧ ಮಾಡಿಕೊಳ್ಳುತ್ತಿದ್ದೆವು. ಆ ಪುಸ್ತಕ ಕಳಿಸು.

ಮಾಲೀಕರು ಗೋವರ್ಧನ್ ಅವರನ್ನು ಒಂದು ಲೆಟರ್ ಕೊಡಿ ಅಂತ ಕೇಳಿದೆ. "ಪೊಲೀಸ್ರ ತಂಟಿ ನಮಗ್ಯಾಕಮ್ಮ" ಅಂದರು. ಅವರನ್ನು ಕೋರ್ಟಿಗೆ ಕರೆಸುತ್ತೇನೆ ಎಂದ ವಕೀಲಮ್ಮನನ್ನು ನಾನೇ ತಡೆದೆ. ನಾನು ಕೈಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ಏಳು ಶನಿವಾರ ನಮ್ಮತ್ತೆ ಬಸಲಿಂಗಮ್ಮನ ಕೈಗೆ ದುಡ್ಡು ಕಳಿಸಿಕೊಟ್ಟ ಪುಣ್ಯಾತ್ಮ ಅವರು. ಅದಕ್ಕೆ ಪ್ರತಿ ಯುಗಾದಿಗೂ ಅವರ ಮನೆಗೆ ಒಂದು ಡಬ್ಬಿ ಹೋಳಿಗೆ ತಪ್ಪದೆ ಕಳಿಸುತ್ತೇನೆ. ನೀನು ಒಂಬತ್ತು ದಿನದಲ್ಲಿ ಒಂದು ದಿನವಾದರೂ ಬಂದು ಆ ಸ್ಟೇಷನ್ನಿನ ಮುಂದೆ ಮುಖ ತೋರಿಸಲಿಲ್ಲ. ಬಿಡು, ಅದನ್ನು ಕೇಳಲು ಈ ಕಾಗದ ಬರೆದಿಲ್ಲ.

ಪುಸ್ತಕಕ್ಕೆ ಕಾಯುತ್ತಿರುವ,
ಸೌಭಾಗ್ಯ


ಅಗಳಿ
3 ಡಿಸೆಂಬರ್ 2007

ಸೌಭಾಗ್ಯಕ್ಕನಿಗೆ ವನಿತಾಳ ನಮಸ್ಕಾರ.

ನಿನ್ನ ಕಾಗದ ಬಂದಾಗ ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಿದ್ದೆ. ಅಕ್ಷರ ನೋಡಿ ಯಾರದೆಂದು ತಿಳಿಯಲಿಲ್ಲ. ಕೆಳಗೆ ಹೆಸರು ನೋಡಿದ ಮೇಲೆ ಓದಲು ಧೈರ್ಯ ಬರಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಎರಡು ದಿನ ಓಡಾಡಿದೆ.

ಅಕ್ಕಾ, ಆ ಪುಸ್ತಕ ನನ್ನ ಹತ್ತಿರ ಇಲ್ಲ. ಟ್ರಂಕಿನಲ್ಲಿ ಇಟ್ಟಿದ್ದೆ, ಗೆದ್ದಲು ಹತ್ತಿತ್ತು, ಒಲೆಗೆ ಹಾಕಿದೆ.

ಆಪರೇಷನ್ನಿಗೆ ಎಷ್ಟು ಕೇಳುತ್ತಾರೆ ಬರಿ. ಹೋದ ಬೆಳೆಯ ಗೂಡು ಮಾರಿದ ದುಡ್ಡು ಸ್ವಲ್ಪ ಇದೆ. ಇವರನ್ನು ಕೇಳುವ ಅಗತ್ಯವಿಲ್ಲ, ಅದು ನನ್ನದೇ. ಸ್ಟೇಷನ್ನಿನ ವಿಷಯಕ್ಕೆ ನೀನು ಎಷ್ಟು ಬೈದರೂ ಸಾಲದು.

ಇಂತಿ,
ವನಿತಾ


ರಾಯದುರ್ಗ
21 ಜನವರಿ 2008

ವನಿತಾ,

ನಿನ್ನ ಗೂಡಿನ ದುಡ್ಡು ನಿನ್ನ ಟ್ರಂಕಿನಲ್ಲೇ ಭದ್ರವಾಗಿರಲಿ, ಅದಕ್ಕೂ ಗೆದ್ದಲು ಹತ್ತದ ಹಾಗೆ ನೋಡಿಕೋ.

ಹದಿನೇಳಕ್ಕೆ ಕೋರ್ಟಿತ್ತು. ಸರ್ಕಾರದ ಕಡೆಯ ವಕೀಲ ತೆಲುಗಿನಲ್ಲಿ ಕೇಳಿದ, ನಾನೂ ತೆಲುಗಿನಲ್ಲೇ ಉತ್ತರ ಕೊಟ್ಟೆ. ನಿನಗೆ ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ಪೇ ಸ್ಲಿಪ್ ಐತೇನಮ್ಮ?"

"ಇಲ್ರಿ. ಪೀಸ್ ರೇಟು."

"ಬ್ಯಾಂಕ್ ಖಾತಿ? ಪಿ.ಎಫ್.?"

"ಎಲ್ಲಿ ತರ್ಲಿ ಸಾರ್."

"ಹೋಗ್ಲಿ, ವಾರಕ್ಕ ಎಷ್ಟು ಹೊಲಿತಿದ್ದಿ?"

"ಒಂಬೈನೂರ ಅರವತ್ತು ಹಿಂಜೇಬ್ರಿ."

"ಎಷ್ಟು ಬರ್ತಿತ್ತು?"

"ಸಾವಿರದ ನಾಕನೂರ ನಲವತ್ತು."

ಬಾಯಿಗೆ ಬಂದಿದ್ದು ಬಂತು. ಆರು ವರ್ಷ ಯಾರು ಕೇಳಿದರೂ ಹೇಳಿದ್ದು ಅದೇ ತಾನೇ? ಜೋಡಿಯಲ್ಲಿ ಕೂತವರು ಯಾರಾದರೂ ತನ್ನದಿಷ್ಟು ಅಂತ ಬೇರೆ ಎಣಿಸಿದ್ದಾರಾ? ಆ ವಕೀಲ ನಿಧಾನಕ್ಕೆ ಅರ್ಜಿ ತೆಗೆದು ಓದಿದ. ಅದರಲ್ಲಿ ಏಳುನೂರ ಇಪ್ಪತ್ತು ಅಂತ ಇದೆ. "ಇವೆರಡರಾಗ ಯಾವುದು ಸುಳ್ಳು?" ಅಂದ.

"ನಾ ಹೇಳಿದ್ದು ಜೋಡಿ ಲೆಕ್ಕಾರಿ. ನನ್ನದು ಅದರಾಗ ಅರ್ಧ."

"ಜೋಡಿ ಎಲ್ಲದಾಳ?"

"ಅಗಳಿ ಕಡೆ."

"ಪುಸ್ತಕ ಎಲ್ಲೈತಿ?"

"ಒಲಿಗೆ ಹೋಯ್ತಂತ್ರಿ."

ಹಿಂದೆ ಕೂತವರೆಲ್ಲ ನಕ್ಕರು. ಜಡ್ಜು ನಗಲಿಲ್ಲ, ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಅದು ನಗುವುದಕ್ಕಿಂತ ಕಷ್ಟವಾಯಿತು. ಮೂರು ವರ್ಷದ ಹಿಂದೆ ಕಳ್ಳಿ ಅನ್ನಿಸಿಕೊಂಡೆ, ಮೊನ್ನೆ ಸುಳ್ಳಿಯೂ ಆದೆ. ಮುಂದಿನ ತಾರೀಖು ಏಪ್ರಿಲ್ 24. ಆವತ್ತಿಗೆ ರುಜುವಾತು ಇಲ್ಲದಿದ್ದರೆ ಕೂಲಿ ನಷ್ಟದ ಎದುರಿಗೆ ಸೊನ್ನೆ ಬರೆಯುತ್ತಾರೆ.

ಒಂದು ಮಾತು ಕೇಳುತ್ತೇನೆ. ಆರು ವರ್ಷ ನಿನ್ನ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತವಳು ನಾನು. ನೆಲಕ್ಕೆ ಬಿದ್ದ ಮೊಂಡು ಸೂಜಿಯನ್ನೂ ಎತ್ತಿ ಡಬ್ಬಿಗೆ ಹಾಕಿ ಇಡುವವಳು ನೀನು. ನೀನು ಪುಸ್ತಕವನ್ನು ಒಲೆಗೆ ಹಾಕಿದೆ ಅಂದರೆ ನಂಬುವುದು ಹೇಗೆ? ಅಂಥ ಹಗೆ ನಾನೇನು ಸಾಧಿಸಿದ್ದೆನೇ ನಿನ್ನ ಮೇಲೆ?

ಸೌಭಾಗ್ಯ


ಅಗಳಿ
10 ಫೆಬ್ರವರಿ 2008

ಅಕ್ಕಾ,

ಪುಸ್ತಕ ಇದೆ. ಒಂದು ಹಾಳೆಯೂ ಹರಿದಿಲ್ಲ. ಸುಳ್ಳು ಹೇಳಿದೆ, ತಪ್ಪಾಯಿತು. ಯಾಕೆ ಹೇಳಿದೆ ಅನ್ನುವುದನ್ನು ಪೂರ್ತಿ ಬರೆಯುತ್ತೇನೆ. ಆಮೇಲೆ ನೀನು ಮಾತಾಡಿಸು ಇಲ್ಲವೇ ಬಿಡು.

ಪೊಲೀಸರ ಫೋನು ಬಂದ ದಿನ ಮಾಲೀಕರು ಎಲ್ಲರನ್ನೂ ನಿಲ್ಲಿಸಿ, ಸ್ಟೇಷನ್ನಿಗೆ ಹೋದವರು ಹಾಗೇ ಮನೆಗೆ ಹೋಗಬಹುದು ಅಂದರು. ಆದರೂ ಐದನೇ ದಿನ ನಾನು ಬಂದೆ ಅಕ್ಕಾ. ಹೊಟ್ಟೆನೋವು ಅಂತ ರಜೆ ಹಾಕಿ ಚಿತ್ರಾನ್ನ ಮಾಡಿಕೊಂಡು ಬಸ್ಸು ಹತ್ತಿದೆ. ಸ್ಟೇಷನ್ನಿನ ಎದುರಿನ ಬೇವಿನ ಮರದ ಕೆಳಗೆ ಹನ್ನೊಂದರಿಂದ ಎರಡರವರೆಗೆ ನಿಂತೆ. ಒಬ್ಬ ಪೊಲೀಸು ಬಂದು, "ಯಾರಮ್ಮ ನೀನು? ಒಳಗಿರೋಳಿಗೆ ಏನಾಗ್ಬೇಕು?" ಅಂದ. ನಾನು, "ಏನೂ ಆಗ್ಬೇಕಿಲ್ಲ ಸಾರ್, ಬಸ್ಸಿಗೆ ಕಾಯ್ತಿದ್ದೀನಿ" ಅಂದುಬಿಟ್ಟೆ. ಬಂದ ಬಸ್ಸಿಗೆ ಹತ್ತಿದೆ. ಅದು ಎಲ್ಲಿಗೆ ಹೋಗುವ ಬಸ್ಸು ಅಂತಲೂ ನೋಡಲಿಲ್ಲ. ಚಿತ್ರಾನ್ನದ ಡಬ್ಬಿ ಹಾಗೇ ವಾಪಸು ತಂದೆ.

ನೀನು ಮನೆಗೆ ಬಂದ ಮೇಲೆ ನಿನ್ನ ಮುಖ ನೋಡುವುದು ಹೇಗೆ? ನನಗೆ ತೋಚಿದ್ದು ಒಂದೇ, ನಿನ್ನ ಮಿಷನ್ನು ಬೇರೆಯವರಿಗೆ ಹೋಗಬಾರದು. ಮಾಲೀಕರ ಹತ್ತಿರ ಹೋಗಿ, "ನಿಮಗೆ ವಾರಕ್ಕೆ ಒಂಬೈನೂರ ಅರವತ್ತು ಬಂದ್ರೆ ಸರಿ ತಾನೆ ಸಾರ್, ಜೋಡಿ ಹಾಗೇ ಇರ್ಲಿ" ಅಂದೆ. ಒಪ್ಪಿಕೊಂಡರು. ಬೆಳಿಗ್ಗೆ ಏಳಕ್ಕೆ ಹೋಗಿ ನಿನ್ನ ಮಿಷನ್ನಿನಲ್ಲಿ ಡಿಸೈನು ಹೊಡೆಯುತ್ತಿದ್ದೆ. ಒಂಬತ್ತಕ್ಕೆ ನನ್ನ ಮಿಷನ್ನಿಗೆ. ಸಾಯಂಕಾಲ ಎಲ್ಲರೂ ಹೋದ ಮೇಲೆ ಮತ್ತೆ ನಿನ್ನದಕ್ಕೆ. ಭಾನುವಾರವೂ ಹೋದೆ. ನಿನ್ನ ಹಾಗೆ ಡಿಸೈನಿನ ಬಾಗು ಬರುತ್ತಿರಲಿಲ್ಲ, ಬಿಚ್ಚಿ ಬಿಚ್ಚಿ ಹೊಲಿದೆ. ಒಂದು ವಾರವೂ ಲೆಕ್ಕ ಇಳಿಯಲಿಲ್ಲ. ಶನಿವಾರದ ನಿನ್ನ ಅರ್ಧ ಬಸಲಿಂಗಮ್ಮನವರ ಕೈಗೆ ಕೊಟ್ಟೆ. ನಾನು ಕೊಟ್ಟೆ ಅಂದರೆ ನೀನು ಮುಟ್ಟುವುದಿಲ್ಲ ಅಂತ ಮಾಲೀಕರ ಹೆಸರು ಹೇಳಿದೆ. ಎಂಟನೇ ವಾರ ಸೂಜಿ ನನ್ನ ಹೆಬ್ಬೆರಳಿಗೇ ಇಳಿಯಿತು. ಎರಡೂ ಮಿಷನ್ನು ಬೇರೆ ಜೋಡಿಗೆ ಕೊಟ್ಟರು. ನಾನು ಊರಿಗೆ ಬಂದೆ.

ಈಗ ತಿಳಿಯಿತಾ ಯಾಕೆ ಪುಸ್ತಕ ಕಳಿಸಲಿಲ್ಲ ಅಂತ? ನೀನು ಬಂದು ಹೊಲಿದ ಕಡೆಯ ವಾರ ಒಂಬೈನೂರ ಅರವತ್ತು. ನೀನಿಲ್ಲದ ಏಳು ವಾರವೂ ಒಂಬೈನೂರ ಅರವತ್ತು. ಅದನ್ನು ನೋಡಿದರೆ ಕೋರ್ಟಿನವರು ಏನಂತಾರೆ? ಒಬ್ಬಳೇ ಇಷ್ಟು ಹೊಲಿಯುವಾಗ ಇನ್ನೊಬ್ಬಳು ಏನು ಮಾಡುತ್ತಿದ್ದಳು ಅಂತಾರೆ. ನಾನು ಮಾಡಿದ್ದು ನಿನಗೇ ತಿರುಗಿ ಹೊಡೆಯುತ್ತದೆ. ಆ ಏಳು ಹಾಳೆ ಹರಿದು ಕಳಿಸಲಾ? ನೀನು ಹೇಳಿದ ಹಾಗೆ ಮಾಡುತ್ತೇನೆ.

ವನಿತಾ


ರಾಯದುರ್ಗ
24 ಫೆಬ್ರವರಿ 2008

ಏ ವನಿತಾ,

ಹರಿಯಬೇಡ! ಮೊದಲು ಅದನ್ನು ಹೇಳಿಬಿಡುತ್ತೇನೆ. ಆ ಪುಸ್ತಕದ ಮೂಲೆ ಕೂಡ ಮುಟ್ಟಬೇಡ.

ನಿನ್ನ ಕಾಗದವನ್ನು ನಮ್ಮತ್ತೆಗೆ ಓದಿ ಹೇಳಿದೆ. ಕೇಳಿ ಕೇಳಿ ಆಕೆ, "ನಾನೂ ಆವಾಗ ಅಂದ್ಕೊಂಡೆ, ಮಾಲೀಕ್ರು ಕೊಡೋ ರೊಕ್ಕ ಈ ಹುಡುಗಿ ಯಾಕ ಸೆರಗಿನಾಗ ಕಟ್ಕಂಡು ತರ್ತಾಳ ಅಂತ" ಅಂದಳು. ಈ ಮಾತು ಹೇಳಲು ಮೂರು ವರ್ಷ ಬೇಕಾಯಿತು ನೋಡು ಆ ಮುದುಕಿಗೆ!

ವನಿತಾ, ನನ್ನ ಹೊಟ್ಟೆ ಉರಿಯುತ್ತಿದೆ. ನಿನ್ನ ಮೇಲಲ್ಲ. ನಿನ್ನ ಮೇಲೂ ಇದೆ, ಅದು ಆಮೇಲೆ. ಮೂರು ಯುಗಾದಿ ಕಣೇ! ಮೂರು ಯುಗಾದಿ, ಸೆಟೆದ ಬೆರಳಿನಲ್ಲಿ ಹೂರಣ ರುಬ್ಬಿ ಹನ್ನೆರಡು ಹನ್ನೆರಡು ಹೋಳಿಗೆ, ಮೇಲೆ ತುಪ್ಪ ಬೇರೆ, ಆ ಗೋವರ್ಧನನಿಗೆ ಕಳಿಸಿದ್ದೇನೆ. ಒಂದು ಸಲ ಎದುರಿಗೇ ಕೈಮುಗಿದು, "ನಿಮ್ಮ ಉಪಕಾರ ಮರೆಯಂಗಿಲ್ಲ ಸಾರ್" ಅಂದೆ. "ಇರ್ಲಿ ಬಿಡಮ್ಮ, ಮನುಷ್ಯತ್ವ ಅಂತ ಒಂದು ಇರತೈತಲ್ಲ" ಅಂದ. ಡಬ್ಬಿಯನ್ನೂ ತೊಳೆಯದೆ ವಾಪಸು ಕೊಟ್ಟ.

ಬೇವಿನ ಮರದ ವಿಷಯ. ಓದಿದಾಗ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆ ಸ್ಟೇಷನ್ನಿನ ಕಿಟಕಿಯಿಂದ ಆ ಮರದ ತುದಿ ಕಾಣುತ್ತಿತ್ತು. ಐದನೇ ದಿನ ನಾನು ಅದನ್ನೇ ನೋಡುತ್ತಾ ಮಲಗಿದ್ದೆ, ನಮ್ಮವರು ಅನ್ನುವವರು ಒಬ್ಬರೂ ಬರಲಿಲ್ಲವಲ್ಲ ಅಂದುಕೊಂಡು. ಅದರ ಬುಡದಲ್ಲಿ ನೀನು ಡಬ್ಬಿ ಹಿಡಿದು ನಿಂತಿದ್ದೆ ಅಂತ ಈಗ ಗೊತ್ತಾಯಿತು. ಮೂರು ವರ್ಷ ಎದೆಯಲ್ಲಿ ಒಂದು ಕಲ್ಲು ಕೂತಿತ್ತು. ಈಗ ಇಲ್ಲ. ನೀನು ಒಳಗೆ ಬಂದಿದ್ದರೆ ನಿನ್ನ ಬೆರಳೂ ಮುರಿಯುತ್ತಿದ್ದರೇ ಹೊರತು ನನ್ನದು ಉಳಿಯುತ್ತಿರಲಿಲ್ಲ.

ಲಕ್ಷ್ಮಿದೇವಿ ಮೇಡಂಗೆ ಎಲ್ಲಾ ಹೇಳಿದೆ. "ಒಂದು ಹಾಳೆ ಹರಿದರೂ ಇಡೀ ಪುಸ್ತಕ ಸುಳ್ಳಾಗುತ್ತೆ, ನಿಜವನ್ನೇ ಪೂರ್ತಿ ಇಡೋಣ" ಅಂದರು. ಆದರೆ ನೀನು ಹೆದರಿದ್ದೂ ಸರಿಯೇ ಅಂತೆ. ಆ ಏಳು ವಾರ ಇಬ್ಬರ ಕೆಲಸವನ್ನು ಒಬ್ಬಳೇ, ಎರಡು ಪಟ್ಟು ಹೊತ್ತು ಕೂತು ಮಾಡಿದಳು ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಬೇಕು. ನಿನ್ನ ಬಾಯಿಮಾತು ಸಾಲದು, ನನ್ನ ಗೆಳತಿ ಅಂತ ತಳ್ಳಿಹಾಕುತ್ತಾರೆ. ಏನು ಸಾಕ್ಷಿ ಇದೆ ಅಂತ ನಾನೂ ತಲೆ ಕೆಡಿಸಿಕೊಂಡಿದ್ದೇನೆ, ನೀನೂ ಕೆಡಿಸಿಕೋ.

ಸೌಭಾಗ್ಯ


ರಾಯದುರ್ಗ
9 ಏಪ್ರಿಲ್ 2008

ವನಿತಾ,

ಸಿಕ್ಕಿತು ಕಣೇ, ಸಿಕ್ಕಿತು!

ಮೊನ್ನೆ ಯುಗಾದಿಗೆ ಗೋವರ್ಧನನ ಮನೆಗೆ ಈ ಸಲವೂ ಡಬ್ಬಿ ಕಳಿಸಿದೆ. ಮುಚ್ಚಳ ತೆಗೆದರೆ ಒಳಗೆ ಬರೀ ಬೇವಿನ ಹೂವು. ಬೆಲ್ಲದ ಚೂರೂ ಇಲ್ಲ. ಹೋಗಲಿ ಅದು. ಬೇವು ಬಿಡಿಸುತ್ತಾ, ನೀನು ಬೆಳಿಗ್ಗೆ ಏಳಕ್ಕೆ ಒಳಗೆ ಹೋದದ್ದನ್ನು ಯಾರು ನೋಡಿರಬಹುದು ಅಂತ ಯೋಚಿಸುತ್ತಾ ಕೂತಾಗ ಗಾರ್ಮೆಂಟಿನ ಗೇಟು ನೆನಪಾಯಿತು. ದೊಡ್ಡತಿಮ್ಮಪ್ಪ ತಾತ, ಕೋಲು ಹಿಡಿದುಕೊಂಡು ಗೇಟಿನಲ್ಲಿ ಕೂರುತ್ತಿದ್ದ ವಾಚ್‌ಮನ್. ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಬರೆಯದೆ ಒಬ್ಬರನ್ನೂ ಬಿಡುತ್ತಿರಲಿಲ್ಲವಲ್ಲ?

ಕೆಲಸ ಬಿಟ್ಟು ಗುಮ್ಮಘಟ್ಟದ ಹತ್ತಿರ ಮಗನ ಮನೆಯಲ್ಲಿದ್ದಾನೆ ಅಂತ ತಿಳಿಯಿತು. ಶೇರ್ ಆಟೋದಲ್ಲಿ ಒಂಬತ್ತು ಜನರ ನಡುವೆ ಕೂತು ಹೋದೆ. ತಾತ ಕುರಿ ಹಟ್ಟಿಯ ಮುಂದೆ ಕೂತಿದ್ದ. "ಹಳೇ ಗೇಟ್ ಪುಸ್ತಕ ಏನಾದ್ವು ತಾತ?" ಅಂದೆ. "ಮಾಲೀಕ್ರು ರದ್ದಿಗೆ ಹಾಕು ಅಂದ್ರು. ಒಂದು ಮಗ್ಗುಲು ಖಾಲಿ ಇರೋ ಹಾಳಿ ರದ್ದಿಗೆ ಹಾಕಾಕ ನನಗೇನು ಹುಚ್ಚೇನವ್ವ?" ಅಂದು ಸೂರಿನಿಂದ ಒಂದು ಗಂಟು ಇಳಿಸಿದ. ಎಡಗಡೆ ಹಾಳೆಯಲ್ಲಿ ಅವನ ಕುರಿ ಲೆಕ್ಕ: ಯಾವ ಕುರಿ ಯಾವತ್ತು ಮರಿ ಹಾಕಿತು, ಯಾವ ಮರಿ ಕುಂಟು. ಬಲಗಡೆ ನಾವು.

ಅಳು ಬಂತು ವನಿತಾ. ನಾವಿಬ್ಬರೂ ಯಾವತ್ತೂ ಒಟ್ಟಿಗೇ ಹೋಗಿ ಬರುತ್ತಿದ್ದೆವಲ್ಲ, ತಾತ ಎರಡು ಸಾಲು ಬರೆದಿಲ್ಲ. ದಿನಾ ಒಂದೇ ಸಾಲು: 'ವನಿತಾ ಜೋಡಿ, 9-00, 6-10.' ಪೊಲೀಸರು ನನ್ನನ್ನು ಹಿಡಿದ ಅಕ್ಟೋಬರ್ ಆದ ಮೇಲೆ ನೋಡು: 'ವನಿತಾ ಒಂಟಿ, 7-00, 9-40.' ಏಳು ವಾರ ದಿನಾ ಹಾಗೇ, ಭಾನುವಾರವೂ ಸೇರಿ. ಒಂದು ದಿನದ್ದರ ಪಕ್ಕದಲ್ಲಿ, 'ಊಟ ಮಾಡಿಲ್ಲ, ರೊಟ್ಟಿ ಕೊಟ್ಟೆ' ಅಂತಲೂ ಬರೆದಿದ್ದಾನೆ ಪುಣ್ಯಾತ್ಮ.

ಮೇಡಂ ಪುಸ್ತಕ ನೋಡಿ ಕುಣಿಯುವುದೊಂದು ಬಾಕಿ. ಆದರೆ ಜೋಡಿ ಪುಸ್ತಕದ ಮೇಲೆ ಇರುವುದು ನಿನ್ನ ಹೆಸರು. ನೀನೇ ಬಂದು ಹೇಳಬೇಕು. 24ನೇ ತಾರೀಖು ಅನಂತಪುರ, ಬೆಳಿಗ್ಗೆ ಹತ್ತೂವರೆ. ಬರುತ್ತೀಯಾ? ಪೊಲೀಸರೂ ಇರುತ್ತಾರೆ. ಬಾ ಅಂತ ಬಲವಂತ ಮಾಡುವುದಿಲ್ಲ.

ಸೌಭಾಗ್ಯ


ಅಗಳಿ
16 ಏಪ್ರಿಲ್ 2008

ಅಕ್ಕಾ,

ಕಾರ್ಡಿನಲ್ಲೇ ಬರೆಯುತ್ತಿದ್ದೇನೆ, ಕೈಗೆ ಬಿಡುವಿಲ್ಲ. ಹುಳ ಪೊರೆ ಬಿಡುವ ಕೊನೇ ಜ್ವರದಿಂದ ಎದ್ದಿವೆ. ಹಗಲೂ ರಾತ್ರಿ ಸೊಪ್ಪು ಕೇಳುತ್ತವೆ. ಇಪ್ಪತ್ತೆರಡಕ್ಕೆ ಹಣ್ಣಾಗುತ್ತವೆ, ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಬಿಟ್ಟು ಇಪ್ಪತ್ಮೂರರ ಬಸ್ಸಿಗೆ ಹೊರಡುತ್ತೇನೆ. ನಮ್ಮತ್ತೆ, "ಬೆಳೆ ಬಿಟ್ಟು ಹೋಗ್ಬೇಕಾ?" ಅಂದರು. "ಹೋಗ್ಲೇಬೇಕು ಅತ್ತೆ" ಅಂದೆ. ನನಗೆ ಹೆದರಿಕೆ ಇದೆ. ಆದರೂ ಬರುತ್ತೇನೆ.

ವನಿತಾ


ರಾಯದುರ್ಗ
28 ಏಪ್ರಿಲ್ 2008

ವನಿತಾ,

ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಗುಬ್ಬಚ್ಚಿಗಳ ಹಾಗೆ ಬರೀ ಏನೇನೋ ಮಾತಾಡಿದೆವು. ಹೇಳಬೇಕಾದದ್ದು ಹೇಳಲೇ ಇಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ನಮ್ಮ ತಾತ. ಸರ್ಕಾರಿ ವಕೀಲ, "ಇದು ಕುರಿ ಪುಸ್ತಕ, ಇದನ್ನು ಸಾಕ್ಷಿ ಅಂತ ತಗೊಳ್ಳೋದು ಹೇಗೆ?" ಅಂದಾಗ ಆ ಮುದುಕ, "ಕುರಿ ಎಡಗಡಿ ಅದಾವ ಸ್ವಾಮಿ, ಮನುಷ್ಯಾರು ಬಲಗಡಿ. ಒಂದನ್ನೊಂದು ಬೆರಸಿಲ್ಲ" ಅಂದನಲ್ಲ, ಜಡ್ಜಿಗೂ ನಗು ತಡೆಯಲಿಲ್ಲ. ಈ ಸಲ ಎಲ್ಲರೂ ನಕ್ಕಾಗ ನನಗೆ ಏನೂ ಅನ್ನಿಸಲಿಲ್ಲ, ನಾನೂ ನಕ್ಕೆ.

ಆಮೇಲೆ ನಿನ್ನನ್ನು ಕರೆದರು. ನೀನು ಕಟಕಟೆಯ ಅಂಚು ಹಿಡಿದುಕೊಂಡು ನಿಂತೆ. ಒಂಬೈನೂರ ಅರವತ್ತರ ಪ್ರಶ್ನೆ ಬಂತು, ಇಬ್ಬರ ಕೆಲಸದ ಪ್ರಶ್ನೆ ಬಂತು, ಎಲ್ಲಾ ಸರಿಯಾಗಿ ಹೇಳಿದೆ. ಕೊನೆಗೆ ಆ ವಕೀಲ ಕೇಳಿದ, "ಇಷ್ಟೆಲ್ಲಾ ಕಷ್ಟಪಟ್ಟು ದುಡಿದು ಆ ಹಣ ಕೊಟ್ಟಿದ್ದೀರಿ. ಆಕೆಗೆ ನೀವು ಏನಾಗಬೇಕು?"

ವನಿತಾ, ಅದೇ ಮಾತು. ಬೇವಿನ ಮರದ ಕೆಳಗೆ ಕೇಳಿದ್ದೂ ಅದೇ ಮಾತು. ನೀನು ಬಾಗಿಲ ಹತ್ತಿರ ನಿಂತಿದ್ದ ಪೊಲೀಸರ ಕಡೆ ಒಂದು ಸಲ ನೋಡಿದೆ. ಆಮೇಲೆ ಅಂದೆ, "ನಾನು ಆಕೆಯ ಜೋಡಿ ಸಾರ್."

"ಹಾಗಂದ್ರೆ? ಅಕ್ಕತಂಗಿಯರಾ, ನೆಂಟರಾ?"

"ನೆಂಟರಲ್ಲ ಸಾರ್. ಆಕೆ ಹೊಲಿದ್ರೆ ನನಗೆ ಕೂಲಿ, ನಾನು ಹೊಲಿದ್ರೆ ಆಕೆಗೆ ಕೂಲಿ. ಜೋಡಿ ಅಂದ್ರೆ ಅಷ್ಟೇ."

ಆ ವಕೀಲ ಕಾಗದ ಮಡಚಿಟ್ಟು ಕೂತ. ತೀರ್ಪು ಏನೇ ಬರಲಿ. ಆಪರೇಷನ್ ಆಗದಿದ್ದರೂ ಹೋಗಲಿ. ಆವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ರಾಯದುರ್ಗದವರೆಗೆ ನಿದ್ದೆ ಮಾಡಿದೆ. ಆ ಬಸ್ಸು, ಆ ಬ್ಯಾಗು ಆದ ಮೇಲೆ ನಾನು ಬಸ್ಸಿನಲ್ಲಿ ಕಣ್ಣು ಮುಚ್ಚಿದವಳಲ್ಲ. ಕಂಡಕ್ಟರು ಎಬ್ಬಿಸಬೇಕಾಯಿತು.

ಸೌಭಾಗ್ಯ


ಅಗಳಿ
11 ಮೇ 2008

ಅಕ್ಕಾ,

ಗೂಡು ಈ ಸಲ ಚೆನ್ನಾಗಿ ಬಂತು. ನಾನಿಲ್ಲದ ಎರಡು ದಿನ ನಮ್ಮತ್ತೆ ಒಬ್ಬರೇ ಚಂದ್ರಿಕೆ ಕಾದರು. ಬಂದ ಮೇಲೆ, "ಹೋದ ಕೆಲಸ ಆಯ್ತೇನೇ?" ಅಂತ ಕೇಳಿದರು. ಆಯಿತು ಅಂದೆ. ಕೋರ್ಟಿನಲ್ಲಿ ಆಗಬೇಕಾದ್ದು ಇನ್ನೂ ಆಗಿಲ್ಲ ಅಂತ ಆಮೇಲೆ ನೆನಪಾಯಿತು.

ನಾನೂ ಈಗ ನಿದ್ದೆ ಮಾಡುತ್ತೇನೆ. ತೀರ್ಪು ಬಂದ ದಿನವೇ ಬರಿ. ಗೆದ್ದೆ ಅಂತ ಆ ಏಳು ವಾರದ ದುಡ್ಡು ವಾಪಸು ತಂದರೆ ಮಾತ್ರ ಬಾಗಿಲು ಹಾಕಿಕೊಳ್ಳುತ್ತೇನೆ.

ವನಿತಾ


ರಾಯದುರ್ಗ
17 ನವೆಂಬರ್ 2008

ವನಿತಾ,

ಅಕ್ಷರ ನೋಡು! ಮೊದಲು ಅಕ್ಷರ ನೋಡಿ ಆಮೇಲೆ ಓದು. ಆಪರೇಷನ್ ಆಗಿ ಐದು ವಾರವಾಯಿತು. ಉಂಗುರದ ಬೆರಳು ಪೂರ್ತಿ ಮಡಚುತ್ತದೆ, ನಡುಬೆರಳು ಮುಕ್ಕಾಲು. ಜನವರಿಗೆ ಮಿಷನ್ ಮುಟ್ಟಬಹುದು ಅಂದರು ಡಾಕ್ಟರು. ನಾನು ನಿನ್ನೆಯೇ ನಮ್ಮ ಬೀದಿಯಲ್ಲಿ ಒಬ್ಬರ ಮಿಷನ್ ಮೇಲೆ ಒಂದು ಬಾಗು ಹೊಡೆದು ನೋಡಿದೆ, ಡಾಕ್ಟರಿಗೆ ಹೇಳಬೇಡ. ವಾಲಿತು. ಆದರೂ ಆ ಏಳು ವಾರ ನೀನು ಹೊಡೆದದ್ದಕ್ಕಿಂತ ಚೆನ್ನಾಗಿತ್ತು!

ತೀರ್ಪು ಬಂದ ದಿನ 'ಗೆದ್ದೆವು' ಅಂತ ಒಂದೇ ಮಾತಿನ ಕಾರ್ಡು ಹಾಕಿದ್ದೆ. ಆ ದಿನ ಅದಕ್ಕಿಂತ ಹೆಚ್ಚು ಬರೆಯಲು ಆಗಲಿಲ್ಲ. ಈಗ ಪೂರ್ತಿ ಹೇಳುತ್ತೇನೆ. ಎರಡು ಲಕ್ಷ ಕೇಳಿದ್ದೆವು, ಒಂದು ಲಕ್ಷದ ಇಪ್ಪತ್ತೆಂಟು ಸಾವಿರ ಕೊಟ್ಟರು. ವಾರಕ್ಕೆ ಏಳುನೂರ ಇಪ್ಪತ್ತು ಅನ್ನುವುದನ್ನು ಪೂರ್ತಿ ಒಪ್ಪಿದರು. ನೀನು ಕೊಟ್ಟ ಏಳು ವಾರದ ದುಡ್ಡನ್ನು ಕಳೆಯಬೇಕು ಅಂತ ಸರ್ಕಾರದವರು ವಾದ ಮಾಡಿದ್ದರಲ್ಲ, ಜಡ್ಜು ಅದನ್ನು ಒಪ್ಪಲಿಲ್ಲ. ಒಬ್ಬ ಹೆಂಗಸು ತನ್ನ ಜೋಡಿಗಾಗಿ ಊಟ ಬಿಟ್ಟು ದುಡಿದದ್ದು ಬೆರಳು ಮುರಿದವರಿಗೆ ಮಾಡಿದ ಉಪಕಾರವಲ್ಲ ಅಂತ ಬರೆದಿದ್ದಾರೆ. ಮೇಡಂ ಅದನ್ನು ಓದಿ ಹೇಳಿದಾಗ ನಮ್ಮತ್ತೆ, "ಜಡ್ಜಿಗೆ ಒಂದು ಡಬ್ಬಿ ಹೋಳಿಗಿ ಕಳಿಸಾಕ ಬರತೈತೇನ್ರಿ?" ಅಂತ ಕೇಳಿದಳು. ಬರುವುದಿಲ್ಲವಂತೆ, ಅಪರಾಧವಂತೆ.

ನಾನು ತೀರ್ಪಿನ ನಕಲು ತರಿಸಿಕೊಂಡೆ. ತೆಲುಗು, ಇಂಗ್ಲಿಷು ಬೆರೆತಿದೆ. ಎಲ್ಲಾ ತಿಳಿಯುವುದಿಲ್ಲ, ಆದರೆ ಆರನೇ ಪುಟದ ಒಂದು ಸಾಲು ಮೇಡಂ ಬೆರಳಿಟ್ಟು ತೋರಿಸಿದರು. 'ಸೌಭಾಗ್ಯ ಮತ್ತು ವನಿತಾ, ಇವರಿಬ್ಬರೂ ಆರು ವರ್ಷ ಜೋಡಿಯಾಗಿ ಹೊಲಿದಿದ್ದಾರೆ.' ಜೋಡಿ ಪುಸ್ತಕದಲ್ಲಿ ನನ್ನ ಹೆಸರಿರಲಿಲ್ಲ. ತಾತನ ಗೇಟ್ ಪುಸ್ತಕದಲ್ಲೂ ಇರಲಿಲ್ಲ. ಹೊಲಿದ ಲಕ್ಷಾಂತರ ಜೇಬಿನ ಮೇಲೆ ಯಾವುದೋ ಕಂಪನಿಯ ಚೀಟಿ. ನಾನು ದುಡಿದೆ ಅಂತ ನನ್ನ ಹೆಸರು ಹಿಡಿದು ಹೇಳುವ ಕಾಗದ ಇದೊಂದೇ ಕಣೇ, ಮತ್ತು ಅದರಲ್ಲಿ ನೀನು ಪಕ್ಕದಲ್ಲೇ ಇದ್ದೀಯ.

ಏಳು ವಾರದ ದುಡ್ಡು ತಂದರೆ ಬಾಗಿಲು ಹಾಕಿಕೊಳ್ಳುತ್ತೇನೆ ಅಂತ ನೀನು ಬರೆದಿದ್ದೆ. ಸರಿ, ದುಡ್ಡು ತರುವುದಿಲ್ಲ. ಆದರೆ ನಿನಗೆ ಸಲ್ಲಬೇಕಾದ ಮೂರು ಯುಗಾದಿಯ ಹೋಳಿಗೆ ತಪ್ಪಿದ ವಿಳಾಸಕ್ಕೆ ಹೋಗಿದೆ. ಮೂವತ್ತಾರು. ನೀವು ಅದನ್ನು ಒಬ್ಬಟ್ಟು ಅನ್ನುತ್ತೀರಿ, ಏನಾದರೂ ಅನ್ನಿ. ಹೂರಣ ನಾನೇ ರುಬ್ಬುತ್ತೇನೆ, ಈ ಬೆರಳಿನಲ್ಲೇ. ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ನಿಮ್ಮತ್ತೆಗೆ, ಮನೆಯವರಿಗೆ ಕೊಟ್ಟು ಉಳಿದದ್ದನ್ನು ನಾವಿಬ್ಬರೂ ಹಲಗೆಯ ಮೇಲೆ ಹರಡಿಕೊಂಡು ಸರಿ ಅರ್ಧ ಮಾಡಿಕೊಳ್ಳೋಣ. ತುಪ್ಪ ನಿನ್ನದು.

ನಿನ್ನ ಜೋಡಿ,
ಸೌಭಾಗ್ಯ